ತಾರಸಿ ಮೇಲೆ ಸೋಲಾರ್: ಪ್ಯಾನೆಲ್ ಕಂಪನಿ ಕೇಳುವ ಮೊದಲು ನೋಡಬೇಕಾದ್ದು

"ಮನೆ ಮೇಲೆ ಸೋಲಾರ್ ಹಾಕಿಸಬೇಕು ಅಂತಿದ್ದೀವಿ, ಯಾವ ಕಂಪನಿ ಪ್ಯಾನೆಲ್ ತಗೊಳ್ಳೋದು?" ಗುಬ್ಬಿಯವರು ಕೇಳಲಿ, ಚಿಂತಾಮಣಿಯವರು ಕೇಳಲಿ, ಮಾಲೂರಿನವರು ಕೇಳಲಿ, ಪ್ರಶ್ನೆ ಮಾತ್ರ ಇದೇ. ನನ್ನ ಉತ್ತರ ಕೆಲವರಿಗೆ ಹಿಡಿಸುವುದಿಲ್ಲ. ಕಂಪನಿ ಯಾವುದು ಅನ್ನೋದು ಕೊನೆಗೆ ಕೇಳಬೇಕಾದ ಮಾತು. ಜನ ಕೈ ಸುಟ್ಟುಕೊಳ್ಳುವುದು ಬೇರೆ ಕಡೆ. ಬಿಲ್ ನೋಡದೆ ಹಾಕಿಸುತ್ತಾರೆ, ನೆರಳು ನೋಡದೆ ಹಾಕಿಸುತ್ತಾರೆ, ತಾರಸಿಗೆ ತೂತು ಹೊಡೆಸಿ ಮಳೆಗಾಲದಲ್ಲಿ ಬಕೆಟ್ ಇಡುತ್ತಾರೆ, ಮೀಟರ್ ಯಾರ ಹೆಸರಲ್ಲಿದೆ ಅಂತ ನೋಡದೆ ಮುಂಗಡ ಕೊಟ್ಟು ಬರುತ್ತಾರೆ. ಅದಕ್ಕೇ ಇಲ್ಲಿ ಎಲ್ಲವನ್ನೂ ಆ ಕ್ರಮದಲ್ಲೇ ಬರೆದಿದ್ದೇನೆ.

ಬಿಸಿಲಿನ ಚಿಂತೆ ಬೇಡ. 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಪಾವಗಡಕ್ಕೆ ಬಂದದ್ದು ಸುಮ್ನೆ ಅಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ 1 ಕಿಲೋವಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಆಸುಪಾಸು ಕೊಡುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಜಾಸ್ತಿ, ಮೋಡದ ತಿಂಗಳಲ್ಲಿ ಕಡಿಮೆ.

1. ಮೊದಲು ಕರೆಂಟ್ ಬಿಲ್, ಏಣಿ ಆಮೇಲೆ

ಕಳೆದ 12 ತಿಂಗಳ ಬಿಲ್ ತೆಗೆದುಕೊಂಡು ಕೂರಿ. ಹಣದ ಕಾಲಂ ಬಿಡಿ, ಯೂನಿಟ್ ಎಷ್ಟು ಅಂತ ನೋಡಿ.

ನಿಮ್ಮ ಮನೆ ಗೃಹಜ್ಯೋತಿಯಲ್ಲಿದ್ದು ಬಿಲ್ ಸೊನ್ನೆ ಬರುತ್ತಿದೆಯಾ? ಹಾಗಿದ್ದರೆ ಉಳಿತಾಯದ ಲೆಕ್ಕಕ್ಕೆ ಸೋಲಾರ್ ಹಾಕಿಸಬೇಡಿ. ಉಳಿಸಲು ಬಿಲ್ಲೇ ಇಲ್ಲ ಅಲ್ವಾ? 2023ರಿಂದ ಇರುವ ಈ ಯೋಜನೆಯಲ್ಲಿ ನಿಮ್ಮ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ ಹೆಚ್ಚು, ಒಟ್ಟು 200 ಯೂನಿಟ್ ಮೀರದಂತೆ ಉಚಿತ. ಸೋಲಾರ್ ಮಾರುವವರು ಈ ವಿಷಯ ತಾವಾಗಿ ಎತ್ತುವುದು ಕಡಿಮೆ.

ಇನ್ನೊಂದು ಗುಂಪಿದೆ. ತಿಂಗಳಿಗೆ 210, 220, 230 ಯೂನಿಟ್ ಸುಡುವ ಮನೆಗಳು. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಇಂಥವರು ಲಕ್ಷ ರೂಪಾಯಿಯ ಪ್ಯಾನೆಲ್‌ಗಿಂತ ಮೊದಲು ಬಚ್ಚಲ ಮನೆಯ ಗೀಸರ್ ಕಡೆ ನೋಡಿ. ನೀರು ಕಾಯಿಸುವ ಸೋಲಾರ್ ಹೀಟರ್ ಹಾಕಿಸಿ, ಹಳೇ ಫ್ರಿಜ್ ಬದಲಾಯಿಸಿದರೆ ಎಷ್ಟೋ ಮನೆಗಳಲ್ಲಿ ಬಳಕೆ 200ರ ಒಳಗೆ ಬಂದುಬಿಡುತ್ತದೆ.

ಪ್ಯಾನೆಲ್ ನಿಜವಾಗಿ ಲಾಭ ಕೊಡುವುದು ತಿಂಗಳಿಗೆ 250–300 ಯೂನಿಟ್ ಮೇಲೆ ಬಳಸುವವರಿಗೆ. ಎಸಿ ಇರುವ ಮನೆ, ಇಂಡಕ್ಷನ್ ಒಲೆ ಇರುವ ಮನೆ, ಬೋರ್‌ವೆಲ್ ಮೋಟರ್ ಮನೆ ಮೀಟರ್‌ನಲ್ಲೇ ಓಡುವ ಮನೆ, ಎಲೆಕ್ಟ್ರಿಕ್ ಸ್ಕೂಟರ್ ಅಥವಾ ಕಾರು ಇರುವ ಮನೆ. ಹೊಲದ ಪಂಪ್‌ಸೆಟ್ ವಿಷಯ ಇದರಲ್ಲಿ ಬೆರೆಸಬೇಡಿ, ಅದಕ್ಕೆ ಬೇರೆ ಯೋಜನೆ, ಬೇರೆ ಅರ್ಜಿ.

2. ಎಷ್ಟು ಕಿಲೋವಾಟ್, ಎಷ್ಟು ದುಡ್ಡು

ತಿಂಗಳ ಯೂನಿಟ್ ಅನ್ನು 120ರಿಂದ ಭಾಗಿಸಿ. ಬಂದದ್ದೇ ನಿಮಗೆ ಬೇಕಾದ ಕಿಲೋವಾಟ್. 300 ಯೂನಿಟ್ ಬಳಸಿದರೆ ಎರಡೂವರೆ, ಅಂದರೆ 3 ಕಿಲೋವಾಟ್ ಸಾಕು.

"ಜಾಗ ಇದೆಯಲ್ಲ, 5 ಹಾಕಿಸಿಬಿಡಿ, ಮಿಕ್ಕಿದ್ದನ್ನು ಬೆಸ್ಕಾಂಗೆ ಮಾರಿ" ಅಂತ ಹೇಳುವವರು ಸಿಗುತ್ತಾರೆ. ಮಾರಬಹುದು, ನಿಜ. ಆದರೆ ನೀವು ಕೊಳ್ಳುವ ಯೂನಿಟ್‌ಗೆ ಸರ್‌ಚಾರ್ಜ್, ತೆರಿಗೆ ಎಲ್ಲ ಸೇರಿ 6ರಿಂದ 7 ರೂಪಾಯಿ ಬೀಳುತ್ತದೆ, ಮಿಕ್ಕ ಯೂನಿಟ್‌ಗೆ ನಿಮಗೆ ಸಿಗುವ ದರ ಅದಕ್ಕಿಂತ ತುಂಬ ಕಡಿಮೆ. ನಿಗದಿತ ಶುಲ್ಕವಂತೂ ಸೋಲಾರ್ ಇದ್ದರೂ ಪ್ರತಿ ತಿಂಗಳು ಕಟ್ಟಲೇಬೇಕು. ಹಾಗಾಗಿ ಬಳಕೆಗೆ ತಕ್ಕಷ್ಟು ಹಾಕಿಸಿ. ಮುಂದಿನ ವರ್ಷ ಎಸಿ ಅಥವಾ ಕಾರು ಬರುವುದು ಖಾತ್ರಿ ಇದ್ದರೆ ಅಷ್ಟು ಸೇರಿಸಿಕೊಳ್ಳಿ.

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ 2 ಕಿಲೋವಾಟ್‌ಗೆ ತಲಾ 30,000 ರೂಪಾಯಿ, ಮೂರನೇದಕ್ಕೆ 18,000 ಸಬ್ಸಿಡಿ. ಒಟ್ಟು 78,000. ಅಲ್ಲಿಗೆ ನಿಂತಿತು, 5 ಹಾಕಿಸಿದರೂ ಅಷ್ಟೇ, 10 ಹಾಕಿಸಿದರೂ ಅಷ್ಟೇ. 3 ಕಿಲೋವಾಟ್‌ಗೆ ಎಲ್ಲ ಸೇರಿ 2 ಲಕ್ಷದ ಆಚೀಚೆ ಆಯಿತು ಅಂದುಕೊಳ್ಳಿ. ಸಬ್ಸಿಡಿ ಕಳೆದರೆ ಕೈಯಿಂದ ಹೋಗುವುದು 1 ಲಕ್ಷದ 20–25 ಸಾವಿರ. 300 ಯೂನಿಟ್ ಬಳಸುವ ಮನೆಗೆ ಅದು ಐದಾರು ವರ್ಷದಲ್ಲಿ ವಾಪಸ್ ಬರುತ್ತದೆ. "ಎರಡೇ ವರ್ಷಕ್ಕೆ ಅಸಲು" ಅಂತ ಯಾರಾದರೂ ಕಾಗದದ ಮೇಲೆ ತೋರಿಸಿದರೆ ಆ ಕಾಗದ ಮಡಚಿ ಅವರ ಕೈಗೇ ಕೊಡಿ.

ಸಾಲ ಬೇಕಿದ್ದರೆ ಸರ್ಕಾರಿ ಬ್ಯಾಂಕುಗಳು 3 ಕಿಲೋವಾಟ್‌ವರೆಗಿನ ಸೋಲಾರ್‌ಗೆ 2 ಲಕ್ಷದವರೆಗೆ ಅಡಮಾನ ಇಲ್ಲದೆ ಕೊಡುತ್ತವೆ, ಬಡ್ಡಿ ಪರ್ಸನಲ್ ಲೋನ್‌ಗಿಂತ ಎಷ್ಟೋ ಕಡಿಮೆ.

3. ನೆರಳು

ಇಲ್ಲಿ ಸ್ವಲ್ಪ ನಿಧಾನ ಮಾಡಿ, ಏಕೆಂದರೆ ಇದನ್ನು ಆಮೇಲೆ ಸರಿ ಮಾಡಲು ಆಗುವುದಿಲ್ಲ.

ಸಾಮಾನ್ಯವಾಗಿ ಎಲ್ಲ ಪ್ಯಾನೆಲ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿ ಒಂದೇ ಸರಣಿ ಮಾಡುತ್ತಾರೆ. ಅದಕ್ಕೆ ಸ್ಟ್ರಿಂಗ್ ಅನ್ನುತ್ತಾರೆ. ಒಂದರ ಮೇಲೆ ನೆರಳು ಬಿದ್ದರೆ ಪೆಟ್ಟು ಅದಕ್ಕಷ್ಟೇ ನಿಲ್ಲದೆ ಸರಣಿಗೂ ತಟ್ಟುತ್ತದೆ. ಈಗಿನ ಹಾಫ್ ಕಟ್ (ಒಳಗಿನ ಸೆಲ್ ಅರ್ಧಕ್ಕೆ ಕತ್ತರಿಸಿ ಜೋಡಿಸಿದ) ಪ್ಯಾನೆಲ್‌ಗಳಲ್ಲಿ ಈ ಪೆಟ್ಟು ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ.

ನಮ್ಮ ಮೂರು ಜಿಲ್ಲೆಗಳೂ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉದ್ದ ಬೀಳುತ್ತದೆ. ಮಧ್ಯಾಹ್ನದ ಹೊತ್ತಿಗೆ ವಸ್ತುವಿನ ಎತ್ತರದ ಮುಕ್ಕಾಲು ಪಾಲು ಉತ್ತರಕ್ಕೆ, ಬೆಳಗ್ಗೆ 9ರ ಹೊತ್ತಿಗೆ ಎತ್ತರದ ಒಂದೂವರೆ ಪಟ್ಟಿಗೂ ಜಾಸ್ತಿ ವಾಯವ್ಯಕ್ಕೆ. ಅಂದರೆ ತಾರಸಿಯಿಂದ ತುದಿಯವರೆಗೆ 12 ಅಡಿ ಎತ್ತರ ಇರುವ ನೀರಿನ ಟ್ಯಾಂಕಿನ ನೆರಳು ಮಧ್ಯಾಹ್ನ 9 ಅಡಿ, ಬೆಳಗ್ಗೆ 18 ಅಡಿಗೂ ಆಚೆ. ಪ್ಯಾರಾಪೆಟ್ ಗೋಡೆ, ಮೆಟ್ಟಿಲ ಕೋಣೆ, ಪಕ್ಕದ ಮನೆ ಎಲ್ಲಕ್ಕೂ ಇದೇ ಲೆಕ್ಕ ಹಾಕಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಆಗ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ, ಆದರೆ ತುಂಡು ನೆರಳು, ಅದರಿಂದ ದೊಡ್ಡ ತೊಂದರೆ ಇಲ್ಲ.

ಇನ್ನು ವಾಸ್ತು. ನಮ್ಮ ಕಡೆ ಬಹುಪಾಲು ಮನೆಗಳಲ್ಲಿ ಟ್ಯಾಂಕ್ ನೈರುತ್ಯ ಮೂಲೆಯಲ್ಲಿ, ಅದೂ ಎತ್ತರದ ಸ್ಟ್ಯಾಂಡ್ ಮೇಲೆ. ಚಳಿಗಾಲದಲ್ಲಿ ಮಧ್ಯಾಹ್ನ ಕಳೆದ ಮೇಲಿನ ಬಿಸಿಲು ಬರುವುದೂ ಅದೇ ದಿಕ್ಕಿನಿಂದ. ನೆರಳು ನೇರವಾಗಿ ತಾರಸಿಯ ನಡುವೆ ಈಶಾನ್ಯಕ್ಕೆ ಚಾಚುತ್ತದೆ. ಟ್ಯಾಂಕ್ ಜರುಗಿಸಿ ಅಂತ ನಾನು ಹೇಳಲ್ಲ, ಮನೆಯಲ್ಲಿ ಹಿರಿಯರು ಇರುತ್ತಾರೆ. ಸ್ಟ್ಯಾಂಡ್‌ನ ಎತ್ತರ ತಗ್ಗಿಸಬಹುದಾ ನೋಡಿ, ಇಲ್ಲವೇ ಪ್ಯಾನೆಲ್ ಸಾಲನ್ನು ಆ ನೆರಳು ತಪ್ಪಿಸಿ ಹಾಕಿಸಿ.

ತಿಪಟೂರು, ತುರುವೇಕೆರೆ ಕಡೆಯವರಿಗೆ ತೆಂಗಿನ ಮರದ ಮಾತು ಬೇರೆಯೇ ಹೇಳಬೇಕು. ನೆರಳು ಒಂದು ಕಡೆ ಇರಲಿ, ಒಣಗಿದ ಗರಿ ಅಥವಾ ಕಾಯಿ ಬಿದ್ದರೆ ಗಾಜು ಹೋಯಿತು, ವಾರಂಟಿ ಇದಕ್ಕೆ ಬರುವುದಿಲ್ಲ. ಮರದ ಕೆಳಗಿನ ಜಾಗವನ್ನು ಲೆಕ್ಕದಿಂದಲೇ ತೆಗೆದುಬಿಡಿ.

ಪಕ್ಕದಲ್ಲಿ ಖಾಲಿ ಸೈಟ್ ಇದ್ದರೆ? ಅದೂ ದಕ್ಷಿಣಕ್ಕಿದ್ದರೆ? ಅಲ್ಲಿ ಮೂರು ಮಹಡಿ ಎದ್ದರೆ ಏನು ಅಂತ ಒಮ್ಮೆ ಯೋಚಿಸಿ. ತುಮಕೂರಿನ ಹೊಸ ಬಡಾವಣೆಗಳಲ್ಲಿ ಇದು ದೂರದ ಮಾತಲ್ಲ.

ದಿಕ್ಕು ದಕ್ಷಿಣ, ಓರೆ 10ರಿಂದ 15 ಡಿಗ್ರಿ. ಪೂರ್ವ ಅಥವಾ ಪಶ್ಚಿಮಕ್ಕೆ ಹಾಕಿದರೆ ಆಗುವ ನಷ್ಟ ದೊಡ್ಡದಲ್ಲ, ಜಾಗ ಇಲ್ಲದಿದ್ದರೆ ಧೈರ್ಯವಾಗಿ ಹಾಕಿಸಿ. ಉತ್ತರದ ಇಳಿಜಾರು ಬೇಡ.

4. ಸೂರು ತಡೆಯುತ್ತದಾ

1 ಕಿಲೋವಾಟ್‌ಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಬೇಕು. ಈಗ ಬರುವ 540–550 ವಾಟ್ ಪ್ಯಾನೆಲ್ ಒಂದು ಏಳೂವರೆ ಅಡಿ ಉದ್ದ, 4 ಅಡಿಗೆ ಸ್ವಲ್ಪ ಕಡಿಮೆ ಅಗಲ, ತೂಕ 28 ಕೆಜಿ ಆಸುಪಾಸು. 3 ಕಿಲೋವಾಟ್‌ಗೆ ಇಂಥವು ಆರು.

ಆರ್‌ಸಿಸಿ ತಾರಸಿಗೆ ಈ ಭಾರ ಏನೂ ಅಲ್ಲ. ಹೆದರಬೇಕಾದ್ದು ಗಾಳಿಗೆ. ಆಷಾಢದ ಗಾಳಿ ಪ್ಯಾನೆಲ್ ಅಡಿಗೆ ನುಗ್ಗಿ ಮೇಲಕ್ಕೆತ್ತುತ್ತದೆ. ಹಾಗಾಗಿ ಕಾಲುಗಳನ್ನು ಹೇಗೆ ಹಿಡಿಸುತ್ತಾರೆ ಅಂತ ಕೇಳಿ. ತಾರಸಿ ಮೇಲೆ ಕಾಂಕ್ರೀಟ್ ದಿಮ್ಮಿ ಕಟ್ಟಿ ಅದರೊಳಗೆ ಕಾಲು ಕೂರಿಸುವುದು ಒಂದು ದಾರಿ, ಇದರಲ್ಲಿ ತೂತು ಬೇಕಿಲ್ಲ. ಮೋಲ್ಡ್‌ಗೆ ತೂತು ಕೊರೆದು ಕೆಮಿಕಲ್ ಆಂಕರ್, ಅಂದರೆ ಗಟ್ಟಿಯಾಗುವ ಅಂಟು ತುಂಬಿ ಬೋಲ್ಟ್ ಹಿಡಿಸುವುದು ಇನ್ನೊಂದು. ಎರಡೂ ಸರಿ. ಸುಮ್ನೆ ಡ್ರಿಲ್ ಹಾಕಿ ಬೋಲ್ಟ್ ಹೊಡೆದು ಮೇಲೆ ಸಿಮೆಂಟ್ ಬಳಿದು ಹೋಗುವುದು ಮಾತ್ರ ಬೇಡವೇ ಬೇಡ. ತಾರಸಿ ಈಗಲೇ ಸೋರುತ್ತಿದ್ದರೆ ವಾಟರ್‌ಪ್ರೂಫಿಂಗ್ ಮೊದಲು ಮುಗಿಸಿ. ಪ್ಯಾನೆಲ್ ಕೂತ ಮೇಲೆ ಅದರಡಿ ಯಾರೂ ಕೈ ಹಾಕುವುದಿಲ್ಲ. ದಿಮ್ಮಿಗಳು ಮಳೆನೀರು ಹರಿಯುವ ದಾರಿಗೆ ಅಡ್ಡ ಬರದಂತೆ ನೋಡಿಕೊಳ್ಳಿ.

ಕೋಲಾರ, ಚಿಕ್ಕಬಳ್ಳಾಪುರ ಕಡೆ ಕಲ್ಲುಚಪ್ಪಡಿ ಸೂರಿನ ಹಳೇ ಮನೆಗಳು ಇನ್ನೂ ಬಹಳ ಇವೆ. ಚಪ್ಪಡಿಗೆ ಡ್ರಿಲ್ ಹಾಕಿಸಲೇಬೇಡಿ, ಬಿರುಕು ಬಿಟ್ಟರೆ ಇಡೀ ಚಪ್ಪಡಿ ಹೋಯಿತು. ಭಾರ ಗೋಡೆಯ ನೆತ್ತಿಗೆ ಇಳಿಯುವಂತೆ ಉದ್ದ ಕಬ್ಬಿಣದ ತೊಲೆ ಹಾಕಿ ಅದರ ಮೇಲೆ ಕೂರಿಸಬೇಕು. ಅದಕ್ಕೂ ಮೊದಲು ಗೋಡೆ ಮಣ್ಣಿನದಾ, ಕಲ್ಲಿನದಾ ಅಂತ ಕೆಲಸ ಗೊತ್ತಿರುವ ಎಂಜಿನಿಯರ್ ಒಬ್ಬರು ನೋಡಬೇಕು. ಹೆಂಚಿನ ಮನೆ, ಸಿಮೆಂಟ್ ಶೀಟ್ ಮನೆಯವರಿಗೆ ನನ್ನ ಸಲಹೆ: ಪಕ್ಕದಲ್ಲಿ ಕೊಟ್ಟಿಗೆಗೋ ಕಾರಿಗೋ ಗಟ್ಟಿ ಕಬ್ಬಿಣದ ಚಪ್ಪರ ಮಾಡಿಸಿ ಅದರ ಮೇಲೆ ಹಾಕಿಸಿ.

ಏಳೆಂಟು ಅಡಿ ಎತ್ತರಿಸಿ ಹಾಕಿಸಿದರೆ ಕೆಳಗೆ ಓಡಾಡಬಹುದು, ಬಟ್ಟೆ ಒಣಗಿಸಬಹುದು. ಹುಣಸೆಹಣ್ಣು, ರಾಗಿ, ಹಪ್ಪಳ ಅಂತ ತಾರಸಿ ಬಳಸುವ ಮನೆಗೆ ಇದು ಸರಿಯೇ. ಆದರೆ ಎತ್ತರ ಹೆಚ್ಚಾದಷ್ಟೂ ಗಾಳಿ ಹೊಡೆತ ಹೆಚ್ಚು, ಕಬ್ಬಿಣ ಹೆಚ್ಚು, ಖರ್ಚು ಹೆಚ್ಚು, ತೊಳೆಯುವುದೂ ಕಷ್ಟ. ಕಬ್ಬಿಣ ಬಿಸಿ ಸತುವಿನಲ್ಲಿ ಅದ್ದಿದ ಹಾಟ್ ಡಿಪ್ ಗ್ಯಾಲ್ವನೈಸ್ಡ್ ಆಗಿರಲಿ. ಮಾಮೂಲಿ ಕಬ್ಬಿಣಕ್ಕೆ ಬೆಳ್ಳಿ ಬಣ್ಣ ಹೊಡೆದು ತರುವವರೂ ಇದ್ದಾರೆ.

ಮೇಲೆ ಇನ್ನೊಂದು ಮಹಡಿ ಕಟ್ಟುವ ಯೋಚನೆ ಎರಡು ಮೂರು ವರ್ಷದೊಳಗೆ ಇದ್ದರೆ, ಮಹಡಿ ಆಗಲಿ, ಆಮೇಲೆ ನೋಡೋಣ.

5. ಕರೆಂಟ್ ಹೋದಾಗ ಏನಾಗುತ್ತದೆ

ಇದನ್ನು ತಿಳಿಯದೆ ಹಾಕಿಸಿ ಜಗಳವಾಡಿದವರು ಬಹಳ. ಸಬ್ಸಿಡಿಯಲ್ಲಿ ಹೆಚ್ಚಾಗಿ ಹಾಕುವುದು ಆನ್ ಗ್ರಿಡ್ ವ್ಯವಸ್ಥೆ, ಅಂದರೆ ಬ್ಯಾಟರಿ ಇಲ್ಲದೆ ನೇರ ಬೆಸ್ಕಾಂ ಲೈನಿಗೆ ಜೋಡಿಸಿದ್ದು. ಲೈನಲ್ಲಿ ಕರೆಂಟ್ ಹೋದರೆ ಸುಡುಬಿಸಿಲಿದ್ದರೂ ಇದು ಆಫ್ ಆಗುತ್ತದೆ. ಕೆಟ್ಟಿದೆ ಅಂತಲ್ಲ, ಆಗಲೇಬೇಕು. ಇಲ್ಲದಿದ್ದರೆ ನಿಮ್ಮ ಪ್ಯಾನೆಲ್ ಕರೆಂಟ್ ಲೈನಿಗೆ ಹರಿದು ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೆ ಅಪಾಯ.

ಹಾಗಾಗಿ ಹಗಲು ಗಂಟೆಗಟ್ಟಲೆ ಕರೆಂಟ್ ಹೋಗುವ ಹಳ್ಳಿಯಲ್ಲಿದ್ದರೆ ಎರಡು ನಷ್ಟ. ಕರೆಂಟೂ ಇಲ್ಲ, ಆ ಹೊತ್ತಿನ ಯೂನಿಟ್ಟೂ ಇಲ್ಲ. ಮನೆಯಲ್ಲಿ ಯುಪಿಎಸ್ ಇದ್ದರೆ ಅದು ಹಿಂದಿನಂತೆ ಕೆಲಸ ಮಾಡುತ್ತದೆ, ಅಷ್ಟು ಸಾಕು ಅಂದರೆ ಆನ್ ಗ್ರಿಡ್ ಸಾಕು. ಕರೆಂಟ್ ಹೋದಾಗಲೂ ಪ್ಯಾನೆಲ್ ನಡೆಯಬೇಕು ಅಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ (ಇನ್ವರ್ಟರ್ ಅಂದರೆ ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟ್ ಮಾಡುವ ಪೆಟ್ಟಿಗೆ) ಬೇಕು, ಖರ್ಚು ಮೇಲೆ ಏರುತ್ತದೆ, ಬ್ಯಾಟರಿಗೆ ಸಬ್ಸಿಡಿ ಇಲ್ಲ.

6. ಕಾಗದ ಪತ್ರ

ಬಿಲ್ಲಿನಲ್ಲಿ ಯಾರ ಹೆಸರಿದೆ ನೋಡಿ. ಎಷ್ಟೋ ಮನೆಗಳಲ್ಲಿ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ನಂಬರ್) ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೋ, ಮನೆ ಮಾರಿದವರ ಹೆಸರಲ್ಲೋ ಇರುತ್ತದೆ. ಅರ್ಜಿ, ಬಿಲ್, ಬ್ಯಾಂಕ್ ಖಾತೆ ಮೂರರಲ್ಲೂ ಒಂದೇ ಹೆಸರು ಇರಬೇಕು, ಇನಿಷಿಯಲ್ ಸಮೇತ. ಹೆಸರು ಬದಲಾವಣೆ ಆಗಬೇಕಿದ್ದರೆ ಖಾತಾ ಮತ್ತು ತೆರಿಗೆ ರಸೀದಿ ಹಿಡಿದು ಬೆಸ್ಕಾಂ ಸಬ್ ಡಿವಿಷನ್‌ಗೆ ಮೊದಲು ಹೋಗಿ. ಇದು ಮುಗಿಯುವವರೆಗೆ ಯಾರಿಗೂ ಮುಂಗಡ ಕೊಡಬೇಡಿ.

ಆಮೇಲೆ ಪಿಎಂ ಸೂರ್ಯ ಘರ್ ಪೋರ್ಟಲ್‌ನಲ್ಲಿ ನೋಂದಣಿ. ನಿಮ್ಮ ಮೊಬೈಲ್ ನಂಬರ್ ಕೊಟ್ಟು ನೀವೇ ಮಾಡಿ, ಇಲ್ಲ ಮನೆಯ ಹುಡುಗರ ಕೈಲಿ ಮಾಡಿಸಿ. 10 ಕಿಲೋವಾಟ್‌ವರೆಗೆ ತಾಂತ್ರಿಕ ಪರಿಶೀಲನೆಗೆ ಕಾಯಬೇಕಿಲ್ಲ ಅಂತ 2024ರಲ್ಲಿ ನಿಯಮವೇ ಬದಲಾಗಿದೆ. "ನಿಮ್ಮ ಟ್ರಾನ್ಸ್‌ಫಾರ್ಮರ್‌ನಲ್ಲಿ ಜಾಗ ಇಲ್ಲ, ನಾವು ಮಾಡಿಸಿಕೊಡ್ತೀವಿ" ಅಂತ ಹಣ ಕೇಳುವವರಿಗೆ ಈ ಮಾತು ನೆನಪಿಸಿ.

7. ಕೊಟೇಶನ್

ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡ, ಸೋಲಾರ್ ಹಾಕುವ ಮೂವರಿಂದ ಬರಹದಲ್ಲಿ ತರಿಸಿ. ಒಟ್ಟು ಬೆಲೆ ಒಂದೇ ಬರೆದಿದ್ದರೆ ವಾಪಸ್ ಕಳಿಸಿ. ಪ್ಯಾನೆಲ್ ಎಷ್ಟು ವಾಟ್, ಎಷ್ಟು ಸಂಖ್ಯೆ, ಡಿಸಿಆರ್ ಹೌದೋ ಅಲ್ಲವೋ, ಇನ್ವರ್ಟರ್ ಮಾಡೆಲ್ ಮತ್ತು ಅದರ ವಾರಂಟಿ ವರ್ಷ, ಕಬ್ಬಿಣದ ಬಗೆ, ಕೇಬಲ್ ದಪ್ಪ, ಅರ್ಥಿಂಗ್ ಗುಂಡಿ ಎಷ್ಟು, ನೆಟ್ ಮೀಟರ್ (ಲೈನಿನಿಂದ ತೆಗೆದುಕೊಂಡದ್ದು, ಲೈನಿಗೆ ಕೊಟ್ಟದ್ದು ಎರಡೂ ಲೆಕ್ಕ ಇಡುವ ಮೀಟರ್) ಖರ್ಚು ಯಾರದು, ಇಷ್ಟೂ ಇರಬೇಕು. ಡಿಸಿಆರ್ ಅಂದರೆ ಒಳಗಿನ ಸೆಲ್ ಮತ್ತು ಪ್ಯಾನೆಲ್ ಎರಡೂ ಭಾರತದಲ್ಲೇ ತಯಾರಾದದ್ದು. ಇದಿಲ್ಲದಿದ್ದರೆ ಸಬ್ಸಿಡಿ ಇಲ್ಲ. ಒಂದು ಕೊಟೇಶನ್ ಮಿಕ್ಕವಕ್ಕಿಂತ ತೀರಾ ಅಗ್ಗ ಇದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಹಣ ಒಂದೇ ಸಲ ಕೊಡಬೇಡಿ. ಸ್ವಲ್ಪ ಮುಂಗಡ, ಸಾಮಾನು ಮನೆಗೆ ಬಂದಾಗ ದೊಡ್ಡ ಪಾಲು, ಕೊನೆಯ 10–20% ನೆಟ್ ಮೀಟರ್ ಕೂತು ಚಾಲೂ ಆದ ಮೇಲೆ. ಈ ಕೊನೆಯ ಪಾಲು ನಿಮ್ಮ ಕೈಯಲ್ಲಿದ್ದರೆ ಫೋನ್ ಎತ್ತುತ್ತಾರೆ.

8. ಕೆಲಸ ನಡೆಯುವ ದಿನ

ಮನೆಯಲ್ಲಿ ಒಬ್ಬರು ಇರಿ. ಸಾಮಾನು ಬಂದಾಗ ಪ್ಯಾನೆಲ್ ಹಿಂದಿನ ಸೀರಿಯಲ್ ನಂಬರ್ ಫೋಟೋ ತೆಗೆದುಕೊಳ್ಳಿ, ಕೂರಿಸಿದ ಮೇಲೆ ಕೈಗೆ ಸಿಗುವುದಿಲ್ಲ. ಪ್ಯಾನೆಲ್ ಮೇಲೆ ಕಾಲಿಟ್ಟು ನಡೆಯಲು ಬಿಡಬೇಡಿ. ಗಾಜು ಒಡೆಯದಿದ್ದರೂ ಒಳಗೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ.

ಅರ್ಥಿಂಗ್ ಮೂರು ಬೇರೆ ಬೇರೆ ಇರಲಿ: ಪ್ಯಾನೆಲ್ ಕಡೆಯ ಡಿಸಿ ಕರೆಂಟಿಗೆ ಒಂದು, ಮನೆ ಕಡೆಯ ಎಸಿ ಕರೆಂಟಿಗೆ ಒಂದು, ಸಿಡಿಲು ತಡೆಯುವ ಕಂಬಿಗೆ ಒಂದು. ಸಿಡಿಲಿನ ಕಂಬಿಯನ್ನು ಮನೆಯ ಹಳೇ ಅರ್ಥಿಂಗ್‌ಗೆ ಸಿಕ್ಕಿಸಿ ಹೋದರೆ ಏಪ್ರಿಲ್, ಮೇ ಗುಡುಗು ಮಳೆಯಲ್ಲಿ ಅದು ಮನೆಯೊಳಗೇ ಬರುತ್ತದೆ. ಇನ್ವರ್ಟರ್ ನೆರಳಲ್ಲಿ, ಗಾಳಿ ಆಡುವ ಗೋಡೆ ಮೇಲೆ ಇರಲಿ. ಕೇಬಲ್ ಪೈಪಿನೊಳಗೇ ಹೋಗಬೇಕು. ದೇವರಾಯನದುರ್ಗದ ಸುತ್ತಮುತ್ತಲಿನವರಿಗೆ ಕೋತಿ ಕಾಟ ನಾನು ಹೇಳಬೇಕಿಲ್ಲ. ಜೋತಾಡುವ ವೈರು ಕಂಡರೆ ಅವು ಬಿಡುವುದಿಲ್ಲ.

ಒಂದು ಎಚ್ಚರಿಕೆ. ಆರು ಪ್ಯಾನೆಲ್ ಸರಣಿಯಲ್ಲಿ ಸುಮಾರು 300 ವೋಲ್ಟ್ ಡಿಸಿ ಇರುತ್ತದೆ. ಮೇನ್ ಸ್ವಿಚ್ ಆಫ್ ಮಾಡಿದರೂ ಬಿಸಿಲಿರುವಷ್ಟು ಹೊತ್ತು ಪ್ಯಾನೆಲ್‌ನಿಂದ ಬರುವ ವೈರಿನಲ್ಲಿ ಅದು ಇದ್ದೇ ಇರುತ್ತದೆ. ಬೀದಿಯ ಎಲೆಕ್ಟ್ರಿಷಿಯನ್ ಕೈಲಿ ಕನೆಕ್ಟರ್ ಬಿಚ್ಚಿಸಬೇಡಿ.

ಇನ್ವರ್ಟರ್ ಆ್ಯಪ್‌ನ ಲಾಗಿನ್ ನಿಮ್ಮ ಹೆಸರು, ನಿಮ್ಮ ನಂಬರಿನಲ್ಲೇ ಮಾಡಿಸಿ. ಹಾಕಿದವರ ಖಾತೆಯಲ್ಲೇ ಉಳಿದರೆ ನಾಳೆ ಎಷ್ಟು ಯೂನಿಟ್ ಬರುತ್ತಿದೆ ಅಂತ ಅವರನ್ನೇ ಕೇಳಬೇಕು.

9. ತೊಳೆಯುವುದು

ಓರೆ 10 ಡಿಗ್ರಿಗಿಂತ ಕಡಿಮೆ ಇಲ್ಲದಿದ್ದರೆ ಮಳೆಗಾಲದಲ್ಲಿ ಮಳೆಯೇ ತೊಳೆಯುತ್ತದೆ. ಬೇಸಿಗೆಯಲ್ಲಿ ಎರಡು ಮೂರು ವಾರಕ್ಕೊಮ್ಮೆ ಸಾಕು. ಜಲ್ಲಿ ಕ್ರಷರ್ ಹತ್ತಿರ, ಮಣ್ಣುರಸ್ತೆ ಪಕ್ಕ ಇದ್ದರೆ ವಾರಕ್ಕೊಮ್ಮೆ.

ನೀರು ಮುಖ್ಯ. ನಮ್ಮ ಬೋರ್‌ವೆಲ್ ನೀರು ಗಡಸು, ಸ್ಟೀಲ್ ಪಾತ್ರೆಯಲ್ಲಿ ಕಟ್ಟುವ ಬಿಳಿ ಪದರ ಪ್ಯಾನೆಲ್ ಮೇಲೂ ಕಟ್ಟುತ್ತದೆ, ಒಮ್ಮೆ ಕಟ್ಟಿದರೆ ಬಿಡಿಸುವುದು ಕಷ್ಟ. ಮಳೆನೀರು ಸಂಗ್ರಹ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಬೋರ್ ನೀರೇ ಹಾಕಿ, ಆದರೆ ಒಣಗಲು ಬಿಡದೆ ರಬ್ಬರ್ ವೈಪರ್‌ನಿಂದ ಎಳೆದುಬಿಡಿ. ಸೋಪಿನ ಪುಡಿ, ತಂತಿ ಬ್ರಷ್ ಬೇಡ. ಬೆಳಗ್ಗೆ ಬಿಸಿಲೇರುವ ಮೊದಲೇ ಮುಗಿಸಿ. ಕಾದ ಗಾಜಿಗೆ ತಣ್ಣೀರು ಎರಚುವುದು ಒಳ್ಳೆಯದಲ್ಲ.

10. ಮೀಟರ್, ಸಬ್ಸಿಡಿ, ಮೊದಲ ಬಿಲ್

ಕೆಲಸ ಮುಗಿದ ಮೇಲೆ ಬೆಸ್ಕಾಂನವರು ಬಂದು ನೋಡಿ ಎರಡು ಕಡೆ ಲೆಕ್ಕ ಇಡುವ ನೆಟ್ ಮೀಟರ್ ಕೂರಿಸುತ್ತಾರೆ. ನೀವು ಲೈನಿನಿಂದ ತೆಗೆದುಕೊಂಡದ್ದು ಇಂಪೋರ್ಟ್, ಲೈನಿಗೆ ಕೊಟ್ಟದ್ದು ಎಕ್ಸ್‌ಪೋರ್ಟ್. ಈ ಮೀಟರ್ ಬರುವ ಮುಂಚೆ ಸೋಲಾರ್ ಚಾಲೂ ಮಾಡಬೇಡಿ. ಹೊರಗೆ ಹೋದ ಯೂನಿಟ್‌ಗೆ ಲೆಕ್ಕ ಸಿಗುವುದಿಲ್ಲ, ಕೆಲವು ಮೀಟರ್‌ಗಳು ಅದನ್ನೂ ನೀವು ಬಳಸಿದ್ದು ಅಂತಲೇ ಓದಿಬಿಡುತ್ತವೆ. ಚಾಲನೆ ಪ್ರಮಾಣಪತ್ರ ಪೋರ್ಟಲ್‌ಗೆ ಬಂದ ಮೇಲೆ ಬ್ಯಾಂಕ್ ವಿವರ ತುಂಬಿ. ಸಬ್ಸಿಡಿ ನೇರ ನಿಮ್ಮ ಖಾತೆಗೆ ಬರುತ್ತದೆ, ಹಾಕಿದವರ ಮೂಲಕ ಅಲ್ಲ.

ಮೊದಲ ತಿಂಗಳು ಎಲ್ಲ ಸರಿ ಇದ್ದೂ ಮಧ್ಯಾಹ್ನ ಇನ್ವರ್ಟರ್ ಪದೇ ಪದೇ ಆಫ್ ಆಗುತ್ತಿದ್ದರೆ ಪ್ಯಾನೆಲ್ ಬೈಯಬೇಡಿ. ಲೈನಲ್ಲಿ ವೋಲ್ಟೇಜ್ ಜಾಸ್ತಿ ಇದ್ದಾಗ ಅದು ತಾನಾಗಿ ಕಳಚಿಕೊಳ್ಳುತ್ತದೆ. ಆ್ಯಪ್‌ನಲ್ಲಿ ಬರುವ ವೋಲ್ಟೇಜ್ ಫೋಟೋ ಇಟ್ಟುಕೊಂಡು ಬೆಸ್ಕಾಂ ಸೆಕ್ಷನ್ ಆಫೀಸಿನ ಜೂನಿಯರ್ ಎಂಜಿನಿಯರ್‌ಗೆ ತೋರಿಸಿ.

ಬಿಲ್ ಬಂದಾಗ ಇಂಪೋರ್ಟ್, ಎಕ್ಸ್‌ಪೋರ್ಟ್ ಎರಡೂ ಅಂಕಿ ಇದೆಯಾ ನೋಡಿ. ಎಕ್ಸ್‌ಪೋರ್ಟ್ ಸೊನ್ನೆ ಅಂತ ಬಂದರೆ ಮೀಟರ್ ಓದುವವರು ಅದನ್ನು ತೆಗೆದುಕೊಳ್ಳದೆ ಬಿಟ್ಟಿರಬಹುದು. ಅದಕ್ಕೇ ಪ್ರತಿ ತಿಂಗಳು ಒಂದೇ ತಾರೀಕಿಗೆ ಮೀಟರ್‌ನ ಎರಡೂ ರೀಡಿಂಗ್ ಫೋಟೋ ತೆಗೆದಿಡಿ. ಬೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ಕೊಟ್ಟು ದೂರಿನ ನಂಬರ್ ತೆಗೆದುಕೊಳ್ಳಿ, ಆ ಫೋಟೋ ಹಾಕಿ ಸಬ್ ಡಿವಿಷನ್‌ಗೆ ಬರಹದಲ್ಲಿ ಅರ್ಜಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಂಡೇ ಬನ್ನಿ.